ಎಡ ಹೆಗಲ ಜುಟ್ಟು

ಮೊದಲೇ ಹೇಳಿಬಿಡುತ್ತೇನೆ. ಹಿರಿಯೂರಿನಿಂದ ಹೊಳಲ್ಕೆರೆವರೆಗೆ, ಅಲ್ಲಿಂದ ದುರ್ಗದ ಕೋಟೆ ಬಾಗಿಲವರೆಗೆ, ಕುರಿಯ ಉಣ್ಣೆ ಕತ್ತರಿಸುವುದರಲ್ಲಿ ನನ್ನನ್ನು ಮೀರಿಸಿದವನು ಹುಟ್ಟಿಲ್ಲ. ಒಬ್ಬ ಹುಟ್ಟಿದ್ದಾನೆ, ಪಾಲಣ್ಣ ಮಾವ. ನನಗೆ ಕತ್ತರಿ ಹಿಡಿಯಲು ಕಲಿಸಿದವನೇ ಅವನು, ಆದ್ದರಿಂದ ಅವನನ್ನು ಈ ಲೆಕ್ಕಕ್ಕೆ ಹಿಡಿಯಬಾರದು. ನಾನು ಕತ್ತರಿ ಆಡಿಸಿದರೆ ಕುರಿಗೆ ನಿದ್ದೆ ಬರುತ್ತಿತ್ತು. ಎದ್ದ ಮೇಲೆ ಚಳಿ ಹತ್ತಿ, ನನ್ನ ಕಂಬಳಿ ಎಲ್ಲಿ ಹೋಯಿತೆಂದು ಸುತ್ತ ಹುಡುಕುತ್ತಿತ್ತು. ಒಂದೇ ದಿನದಲ್ಲಿ ಇನ್ನೂರು ಕುರಿ ಕತ್ತರಿಸಿದವನು ನಾನು. ಈರಕ್ಕ ಕೇಳಿಸಿಕೊಂಡರೆ ಇಪ್ಪತ್ತು ಅನ್ನುತ್ತಾಳೆ. ಅವಳು ನನ್ನ ಒಡಹುಟ್ಟಿದ ಅಕ್ಕ. ನನ್ನ ಮಾತಿನಿಂದ ಒಂದು ಸೊನ್ನೆ ಕಿತ್ತುಹಾಕುವುದು ಅವಳಿಗೆ ಹುಟ್ಟಿನಿಂದ ಬಂದ ಕಸುಬು.

ಅಂಥ ಈ ಕರಿಸಿದ್ದಪ್ಪನಿಗೆ ಕಂಪನಿಯವರು ಕೊಟ್ಟ ಕೆಲಸ ಯಾವುದು ಗೊತ್ತೆ? ಕುರಿಯ ಎಡ ಮಗ್ಗುಲು.

ಇಡೀ ಕುರಿಯಲ್ಲ. ಎಡ ಮಗ್ಗುಲು ಮಾತ್ರ.

ಶ್ರೀರಾಂಪುರ ದಾಟಿ ಹೊಸದುರ್ಗದ ಕಡೆ ಬಂದರೆ ರಸ್ತೆ ಪಕ್ಕ ಒಂದು ತಗಡಿನ ಶೆಡ್ಡು ಕಾಣುತ್ತದೆ. ಅದೇ ಕಂಪನಿ. ಅದರ ಹಿಂದಿನ ಗುಡ್ಡದಲ್ಲಿ ನಮ್ಮ ಅಪ್ಪ, ಅಜ್ಜ, ಅವರ ಅಜ್ಜ ಕುರಿ ಮೇಯಿಸಿದ್ದರು. ಗುಡ್ಡದ ನೆತ್ತಿಯ ಮೇಲೆ ಗಾಳಿಯಂತ್ರ ತಿರುಗತೊಡಗಿತು. ಸುತ್ತ ತಂತಿಬೇಲಿ ಬಿತ್ತು. ಮೇವು ಬೇಲಿಯ ಆಚೆ, ಕುರಿ ಈಚೆ. ಮಾರಿಬಿಟ್ಟೆವು. ಕುರಿ ಕೊಂಡ ಕಂಪನಿಯೇ ಆಮೇಲೆ ನಮ್ಮನ್ನೂ ಕೂಲಿಗೆ ಕರೆಯಿತು. ನಮ್ಮ ಕುರಿಗಳು ಮುಂದಿನ ಬಾಗಿಲಿನಿಂದ ಒಳಗೆ ಹೋದವು. ನಾವು ಹಿಂದಿನ ಬಾಗಿಲಿನಿಂದ ಹೋದೆವು.

ಒಳಗೆ ಹೋದ ಮೊದಲ ದಿನವೇ ಮೇಲ್ವಿಚಾರಕ ಪ್ರಭುಲಿಂಗ ಗೋಡೆಗೆ ಒಂದು ಚಿತ್ರ ಅಂಟಿಸಿದ. ಕುರಿಯ ಚಿತ್ರ. ಅದರ ಮೈಮೇಲೆ ಗೆರೆ ಎಳೆದು ತುಂಡು ತುಂಡು ಮಾಡಿದ್ದರು, ಕಸಾಯಿ ಅಂಗಡಿಯ ಗೋಡೆಯಲ್ಲಿ ಇರುತ್ತದಲ್ಲ, ಹಾಗೆ.

"ಇನ್ಮೇಲೆ ಒಬ್ನೇ ಒಂದು ಕುರಿ ಹಿಡ್ಕಂಡು ಅರ್ಧ ಗಂಟೆ ಮುದ್ದು ಮಾಡ್ಕಂಡು ಕೂರಂಗಿಲ್ಲ. ಒಬ್ಬ ಕಾಲು ಕಟ್ತಾನೆ. ಒಬ್ಬ ಹೊಟ್ಟೆ. ಒಬ್ಬ ಎಡ, ಒಬ್ಬ ಬಲ. ಒಬ್ಬ ಬೆನ್ನು, ಕುತ್ಗೆ. ಕೊನೇವ್ನು ಹಗ್ಗ ಬಿಚ್ಚಿ ಆಚೆ ತಳ್ತಾನೆ. ಕೆಲಸದ ಹೊಸ ವಿನ್ಯಾಸ. ತಿಳೀತಾ?"

ತಿಳಿಯಿತು. ಉರುಳುವ ಹಲಗೆಯ ಮೇಲೆ ಕಾಲು ಕಟ್ಟಿದ ಕುರಿ ಬರುತ್ತದೆ. ನನ್ನ ಮುಂದೆ ನಿಲ್ಲುತ್ತದೆ. ಎಡ ಮಗ್ಗುಲು ತೆಗೆಯುತ್ತೇನೆ. ತಳ್ಳುತ್ತೇನೆ. ಇನ್ನೊಂದು ಬರುತ್ತದೆ. ಪ್ರತಿಯೊಬ್ಬನ ತಲೆಯ ಮೇಲೆ ಒಂದು ಕೆಂಪು ದೀಪ. ಕೈ ತಡವಾದರೆ ದೀಪ ಹತ್ತುತ್ತದೆ. ಮೂತ್ರಕ್ಕೆ ಹೋದರೂ ಹತ್ತುತ್ತದೆ. ಸಂಜೆ ಯಾರ ದೀಪ ಎಷ್ಟು ಸಲ ಹತ್ತಿತೆಂದು ಎಲ್ಲರ ಎದುರು ಓದುತ್ತಾರೆ. ಸೊಂಟ ಬಗ್ಗಿದ್ದು ಬಗ್ಗಿದಂತೆಯೇ ಹನ್ನೊಂದು ತಿಂಗಳು. ಈ ಹನ್ನೊಂದು ತಿಂಗಳಲ್ಲಿ ನಾನು ಏಷ್ಯಾ ಖಂಡಕ್ಕೇ ಎಡ ಮಗ್ಗುಲಿನ ಪಂಡಿತನಾದೆ. ಮನೆಗೆ ಬಂದರೆ ಹೆಂಡತಿಯ ಎಡಗಡೆ ಮಾತ್ರ ಕಾಣುತ್ತಿತ್ತು. ಬಲಗಡೆ ನಿಂತು ಬೈದರೆ ಯಾರು ಬೈಯುತ್ತಿದ್ದಾರೆಂದೇ ತಿಳಿಯುತ್ತಿರಲಿಲ್ಲ.

ನಗಬೇಡಿ. ನಗುವ ವಿಷಯ ಅಲ್ಲ ಇದು. ನಗಿಸಿ ಹೇಳದಿದ್ದರೆ ನನಗೆ ಹೇಳಲು ಬರುವುದಿಲ್ಲ, ಅಷ್ಟೆ.

ಪಾಲಣ್ಣ ಮಾವನನ್ನು ಸಾಲಿನ ತಲೆಯಲ್ಲಿ ನಿಲ್ಲಿಸಿದರು. ಕಾಲು ಕಟ್ಟಲು. ಎಪ್ಪತ್ತು ಮುಟ್ಟಿದ ಮುದುಕ. ಅವನು ಜೀವಮಾನದಲ್ಲಿ ಒಂದು ಕುರಿಯ ಕಾಲನ್ನೂ ಕಟ್ಟಿದವನಲ್ಲ. ಎರಡು ಮೊಣಕಾಲ ನಡುವೆ ಕುರಿಯನ್ನು ನಿಲ್ಲಿಸಿಕೊಂಡು, ಕಿವಿಯ ಬುಡ ಕೆರೆದು, ಊರ ಸುದ್ದಿ ಹೇಳುತ್ತ ಹೇಳುತ್ತ ಕತ್ತರಿಸುತ್ತಿದ್ದ. ಅಂಥವನ ಕೈಗೆ ನೈಲಾನ್ ಹಗ್ಗ ಕೊಟ್ಟರು. ಹಗ್ಗ ಅಂಗೈಯ ಚರ್ಮ ಸೀಳಿತು. ಸೀಳಿದ ಮೇಲೆ ಉಪ್ಪುನೀರಿನಂಥ ಕುರಿಯ ಬೆವರು ಇಳಿಯಿತು. ಬಟ್ಟೆ ಸುತ್ತಿಕೊಂಡರೆ ಹಿಡಿತ ಜಾರುತ್ತದೆ, ಜಾರಿದರೆ ದೀಪ ಹತ್ತುತ್ತದೆ. ದಿನಕ್ಕೆ ಹತ್ತು ಸಲ ಅವನ ದೀಪ ಹತ್ತುತ್ತಿತ್ತು.

"ಏ ಮುದುಕ! ಹುಟ್ಟಿದಾಗಿಂದ ಕುರಿ ಹಿಂದೆ ತಿರುಗ್ದೋನು ನೀನು, ಒಂದು ಗಂಟು ಹಾಕಕೆ ಬರಲ್ವಾ?" ಎಂದು ಪ್ರಭುಲಿಂಗ ಕೂಗುತ್ತಿದ್ದ.

ಮಾವ ಬಗ್ಗಿ ಇನ್ನೊಂದು ಗಂಟು ಹಾಕುತ್ತಿದ್ದ.

ಇಲ್ಲಿ ನಮ್ಮ ಜುಟ್ಟಿನ ವಿಷಯ ಹೇಳಬೇಕು. ನಮ್ಮ ಕತ್ತರಿಯವರಲ್ಲಿ ಒಂದು ರೀತಿ ಉಂಟು. ಇಡೀ ಕುರಿಯನ್ನು ನುಣ್ಣಗೆ ಕತ್ತರಿಸಿದ ಮೇಲೆ ಒಂದು ಕಡೆ ಹೆಬ್ಬೆರಳಿನಷ್ಟು ಉಣ್ಣೆ ಹಾಗೇ ಬಿಡಬೇಕು. ಅದು ಅವನ ಗುರುತು. ನನ್ನದು ಬಾಲದ ಬುಡದಲ್ಲಿ. ಪಾಲಣ್ಣ ಮಾವನದು ಎಡ ಹೆಗಲ ಮೇಲೆ. ಕುರಿಗೆ ಗಾಯವಾಗಿದ್ದರೆ ಯಾರನ್ನು ಹಿಡಿದು ಬೈಯಬೇಕೆಂದು ಕುರಿಯ ಯಜಮಾನನಿಗೆ ತಿಳಿಯಬೇಕು. ನಯವಾಗಿದ್ದರೆ ಮುಂದಿನ ಸಲ ಯಾರನ್ನು ಕರೆಯಬೇಕೆಂದೂ ತಿಳಿಯಬೇಕು. ಒಬ್ಬ ಬಿಟ್ಟ ಜುಟ್ಟನ್ನು ಇನ್ನೊಬ್ಬ ಮುಟ್ಟುವಂತಿಲ್ಲ. ಬಿಟ್ಟವನೇ ಮುಂದಿನ ಕತ್ತರಿಗೆ ಬಂದು ತೆಗೆಯಬೇಕು. ಇನ್ನೊಬ್ಬ ತೆಗೆದರೆ ಅವನ ಕೈಗೆ ಆಮೇಲೆ ಯಾರೂ ಕುರಿ ಕೊಡುವುದಿಲ್ಲ.

ಶೆಡ್ಡಿಗೆ ಸೇರಿದ ಹೊಸತರಲ್ಲಿ ನಾನು ಅಭ್ಯಾಸದಿಂದ ಒಂದು ಜುಟ್ಟು ಬಿಟ್ಟಿದ್ದೆ.

"ಇದೇನ್ಲೇ ಇದು?" ಎಂದ ಪ್ರಭುಲಿಂಗ.

"ನನ್ನ ಗುರುತು ಸಾರ್."

"ಒಂದು ಕುರಿಗೆ ಆರು ಜನ. ಆರು ಗುರುತು ಬಿಟ್ರೆ ಕತ್ತರ್ಸೋಕೇನು ಉಳೀತದೆ? ತೆಗೀ ತೆಗೀ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಆವತ್ತು ನಗಬಾರದಿತ್ತು.

ಹನ್ನೊಂದನೇ ತಿಂಗಳಲ್ಲಿ ಕೀರ್ತನಾ ಮೇಡಂ ಬಂದರು. ದುರ್ಗದ ಕಾಲೇಜಿನವರು. ಕೆಲಸವನ್ನು ಹೇಗೆ ಹಂಚಿದರೆ ಕೆಲಸಗಾರನಿಗೆ ಹುರುಪು ಬರುತ್ತದೆ, ಎಷ್ಟು ತೃಪ್ತಿಯಾಗುತ್ತದೆ ಎಂದು ಅಳೆಯುತ್ತಾರಂತೆ. ಅಳೆಯಲು ಅವರ ಹತ್ತಿರ ಟೇಪು ಇರಲಿಲ್ಲ, ತಕ್ಕಡಿ ಇರಲಿಲ್ಲ. ನಲವತ್ತೆರಡು ವಾಕ್ಯ ಬರೆದ ಕಾಗದ ಇತ್ತು. ಹೊರದೇಶದ ಉಣ್ಣೆ ವ್ಯಾಪಾರಿಗಳು ಬರುವವರಿದ್ದರು. ಕೆಲಸಗಾರರು ಖುಷಿಯಾಗಿದ್ದಾರೆಂಬ ಕಾಗದ ಕೈಗೆ ಬಂದರೆ ಮಾತ್ರ ಅವರು ಉಣ್ಣೆ ಕೊಳ್ಳುತ್ತಾರಂತೆ.

ಹಿಂದಿನ ದಿನವೇ ಪ್ರಭುಲಿಂಗ ನಮ್ಮನ್ನೆಲ್ಲ ನಿಲ್ಲಿಸಿಕೊಂಡು ಹೇಳಿದ್ದ. "ಆ ಹುಡುಗಿ ಏನೇ ಓದ್ಲಿ, ಐದು ಅನ್ರಿ. ಐದು ಅನ್ನಕೆ ಬಾಯಿ ಬರ್ದಿದ್ರೆ ಕೈಯಾಗೆ ತೋರ್ಸ್ರಿ, ಐದು ಬೆರಳು ಅವಲ್ಲ. ಕಮ್ಮಿ ಹೇಳ್ದೋನು ತನ್ನ ಚೀಲ ತಗಂಡು ಹಂಗೇ ಮನೆಗೆ ಹೋಗಬೋದು."

ಇಬ್ಬಿಬ್ಬರನ್ನು ಆಫೀಸಿನೊಳಗೆ ಕರೆದರು. ನನ್ನನ್ನು, ಪಾಲಣ್ಣ ಮಾವನನ್ನು ಜೊತೆಗೆ. ಆ ಕೋಣೆಗೆ ನಾವು ಹೋದದ್ದು ಅದೇ ಮೊದಲು. ಫಿಲ್ಟರ್ ನೀರು ಇತ್ತು. ನಾವು ಕುರಿ ಕುಡಿಯುವ ತೊಟ್ಟಿಯ ನಲ್ಲಿಗೆ ಬಾಯಿ ಹಚ್ಚುವವರು. ಪ್ರಭುಲಿಂಗ ನಮ್ಮ ಬೆನ್ನ ಹಿಂದೆ ಕುರ್ಚಿ ಹಾಕಿಕೊಂಡು ಕೂತ.

"ಸರ್, ನೀವು ಹೊರಗಿದ್ರೆ ಒಳ್ಳೇದಿತ್ತು" ಎಂದರು ಮೇಡಂ.

"ನಾನು ಇಲ್ಲ ಅಂತನೇ ತಿಳ್ಕಳ್ರಿ" ಎಂದ. ಕೂತೇ ಇದ್ದ.

"ಅಣ್ಣಾ, ನಾನು ಒಂದೊಂದೇ ವಾಕ್ಯ ಓದ್ತೀನಿ. ಪೂರ್ತಿ ಒಪ್ಪಿಗೆ ಇದ್ರೆ ಐದು. ಸ್ವಲ್ಪವೂ ಇಲ್ದಿದ್ರೆ ಒಂದು. ನಡುವೆ ಇದ್ರೆ ಎರಡು, ಮೂರು, ನಾಲ್ಕು. ಸರಿನಾ? 'ನಾನು ಒಂದು ಕೆಲಸವನ್ನು ಮೊದಲಿನಿಂದ ಕೊನೆಯವರೆಗೆ ನಾನೇ ಪೂರ್ಣಗೊಳಿಸುತ್ತೇನೆ.'"

"ಎಡ ಮಗ್ಗುಲು ಮೊದ್ಲಿಂದ ಕೊನೆವರ್ಗೂ ನಂದೇ ಮೇಡಂ. ಬಲಗಡೆದು ಓಬಳೇಶಂದು. ನಡುವೆ ಗಡಿ ಐತೆ. ಬೇಕಾದ್ರೆ ಸರ್ವೆ ಮಾಡ್ಸಿ ಕಲ್ಲು ನೆಡ್ಸಾಣ."

ಮೇಡಂ ನಕ್ಕುಬಿಟ್ಟರು. ಹಿಂದೆ ಪ್ರಭುಲಿಂಗ ಕೆಮ್ಮಿದ.

"ಐದು" ಎಂದೆ.

"'ನನ್ನ ಕೆಲಸವನ್ನು ಹೇಗೆ ಮಾಡಬೇಕೆಂದು ನಾನೇ ತೀರ್ಮಾನಿಸುತ್ತೇನೆ.'"

ಕಿಟಕಿಯಿಂದ ಸಾಲು ಕಾಣುತ್ತಿತ್ತು. ಯಾರದೋ ಕೆಂಪು ದೀಪ ಹತ್ತಿತ್ತು.

"ಐದು."

"'ಕೆಲಸ ಮುಗಿದ ಮೇಲೆ ಅದು ಚೆನ್ನಾಗಿ ಆಗಿದೆಯೇ ಎಂದು ನೋಡಿ ತಿಳಿದುಕೊಳ್ಳುವ ಅವಕಾಶ ನನಗಿದೆ.'"

ಹನ್ನೊಂದು ತಿಂಗಳಿಂದ ನಾನು ಪೂರ್ತಿ ಕತ್ತರಿಸಿದ ಒಂದು ಕುರಿಯನ್ನೂ ಕಣ್ಣಿಂದ ನೋಡಿರಲಿಲ್ಲ.

"ಐದು."

ಹೀಗೆ ನಲವತ್ತೆರಡು ವಾಕ್ಯ. ನಲವತ್ತೆರಡು ಐದು. ಹುಲಿಯ ಮೀಸೆ ಕಿತ್ತು ಹಲ್ಲು ತಿಕ್ಕಿದೆನೆಂದು ಊರೆಲ್ಲ ಹೇಳಿಕೊಂಡು ತಿರುಗಿದ ಈ ಬಾಯಿ, ಕೆಮ್ಮಿಗೆ ಹೆದರಿ ನಲವತ್ತೆರಡು ಸಲ ಐದು ಎಂದಿತು.

ಆಮೇಲೆ ಮಾವನ ಸರದಿ.

"ಅಜ್ಜಾ, 'ನನಗೆ ಬರುವ ಕೌಶಲ್ಯವೆಲ್ಲ ಈ ಕೆಲಸದಲ್ಲಿ ಬಳಕೆಯಾಗುತ್ತದೆ.'"

"ಹಂಗಂದ್ರೇನವ್ವ?"

"ನಿಮಗೆ ಬರೋ ವಿದ್ಯೆ ಅಜ್ಜ."

ಮಾವ ಎರಡೂ ಅಂಗೈ ಬಿಡಿಸಿ ಮೇಜಿನ ಮೇಲೆ ಇಟ್ಟ. ಮೇಡಂ ಕಾಗದ ಹಿಂದಕ್ಕೆ ಎಳೆದುಕೊಂಡರು. ಕಾಗದಕ್ಕೆ ರಕ್ತ ತಾಗುತ್ತಿತ್ತು.

"ನನ್ನ ವಿದ್ಯೆ ಹಗ್ಗ ಕಟ್ಟೋದಲ್ಲವ್ವ. ಕತ್ರಿ ಹಿಡಿದು ಐವತ್ತು ವರ್ಸ ಆತು, ಒಂದು ಕುರಿ ಕಾಲು ಕಟ್ಟಿರ್ಲಿಲ್ಲ. ಈಗ ದಿನಾ ಕಟ್ತೀನಿ. ಅವು ನನ್ನ ಮುಖ ನೋಡ್ತವೆ. ಐದರಾಗೆ ಎಲ್ಲಕ್ಕಿಂತ ಕಮ್ಮಿ ಯಾವ್ದು?"

"ಒಂದು."

"ಅದಕ್ಕೂ ಕಮ್ಮಿ ಇಲ್ಲ?"

"ಇಲ್ಲ ಅಜ್ಜ."

"ಹಂಗಾರೆ ಒಂದು ಹಾಕ್ಕಳವ್ವ."

ಪ್ರಭುಲಿಂಗ ಕೆಮ್ಮಿದ. ಮಾವ ತಿರುಗಿ, "ನೀರು ಕುಡೀರಿ ಸಾಮಿ, ಫಿಲ್ಟ್ರು ಅಲ್ಲೇ ಐತೆ" ಎಂದ. ಮತ್ತೆ ಮೇಡಂ ಕಡೆ ತಿರುಗಿ ಕೂತ. ಮೇಡಂ ಓದಿದಷ್ಟಕ್ಕೂ ಒಂದು, ಒಂದು, ಒಂದು ಎನ್ನುತ್ತ ಹೋದ. ಕೊನೆಗೆ ಮೇಡಂ, "'ಕಷ್ಟದಲ್ಲಿ ನನ್ನ ಜೊತೆಗಾರರು ನನಗೆ ನೆರವಾಗುತ್ತಾರೆ'" ಎಂದು ಓದಿದರು.

ಮಾವ ನನ್ನ ಕಡೆ ನೋಡಿದ. ನಾನು ನೆಲ ನೋಡಿದೆ.

"ಅದಕ್ಕೆ ಐದು ಹಾಕವ್ವ" ಎಂದ.

ಸಂಜೆ ಸಾಲು ನಿಂತ ಮೇಲೆ ಪ್ರಭುಲಿಂಗ ಮಾವನ ಚೀಲ ತಂದು ಗೇಟಿನ ಹೊರಗೆ ಇಟ್ಟ. "ನಾಳಿಂದ ಬರಬ್ಯಾಡ. ನಿನ್ನ ತೃಪ್ತಿ ಮಾಡೋದು ನಮ್ಮ ಕೈಲಿ ಆಗಲ್ಲ" ಎಂದ. ಮೇಡಂ ಅಲ್ಲೇ ಇದ್ದರು. ಪ್ರಭುಲಿಂಗ ಅವರ ಕೈಯಿಂದ ಕಾಗದದ ಕಟ್ಟು ತೆಗೆದುಕೊಂಡ, ಮಾವನ ಹಾಳೆ ಹುಡುಕಿ ಎಳೆದ. "ಮೇಡಂ, ಇದು ಈ ಜಾಗದಾಗೆ ಕೆಲಸ ಮಾಡೋರ ತೃಪ್ತಿ ಅಳೆಯೋ ಕಾಗದ ಅಲ್ವಾ? ಇವ್ನು ಇಲ್ಲಿ ಕೆಲಸದಾಗೆ ಇಲ್ಲ. ಇವ್ನದು ಲೆಕ್ಕಕ್ಕೆ ಬರಲ್ಲ" ಎಂದು ಹೇಳಿ ನಾಲ್ಕಾಗಿ ಮಡಚಿ ಜೇಬಿಗಿಟ್ಟುಕೊಂಡ.

ಕೆಲಸ ಕಿತ್ತುಕೊಂಡರು. ಕೆಲಸ ಇಲ್ಲದ್ದರಿಂದ ಅವನ ನೋವನ್ನೂ ಕಿತ್ತುಕೊಂಡರು.

ಮನೆಗೆ ಹೋದರೆ ಈರಕ್ಕ ನಮ್ಮ ಕಟ್ಟೆಯ ಮೇಲೆ ಕಾಯುತ್ತ ಕೂತಿದ್ದಳು. ಅವಳೂ ಶೆಡ್ಡಿನಲ್ಲೇ ಕೆಲಸಕ್ಕಿದ್ದಳು, ಉಣ್ಣೆಯಿಂದ ಮುಳ್ಳು, ಹಿಕ್ಕೆ ಆರಿಸಲು. ಅವಳ ಉಗುರಿನ ಸಂದಿಯಲ್ಲಿ ಯಾವಾಗಲೂ ಮುಳ್ಳು ಇರುತ್ತಿತ್ತು.

"ಬರ್ರಿ ಹುಲಿರಾಯ, ಕುಂತ್ಕಳ್ರಿ" ಎಂದಳು. "ಎಷ್ಟಕ್ಕೆ ಐದು ಅಂದೆ?"

"ಒಂದೆರಡಕ್ಕೆ."

"ನಲವತ್ತೆರಡಕ್ಕೆ" ಎಂದಳು.

ಜೀವಮಾನದಲ್ಲಿ ಮೊದಲ ಸಲ ನಾನು ಕಡಿಮೆ ಹೇಳಿದ್ದೆ, ಅವಳು ಹೆಚ್ಚಿಸಿದ್ದಳು.

"ನೀನು ಎಷ್ಟಕ್ಕೆ ಅಂದೆ ಅಕ್ಕ?"

"ನಾನೂ ನಲವತ್ತೆರಡಕ್ಕೇ" ಎಂದು ಹೇಳಿ, ಸೀರೆ ಕೊಡವಿಕೊಂಡು ಎದ್ದು ಹೋದಳು.

ಎಂಟು ದಿನ ಬಿಟ್ಟು ವ್ಯಾಪಾರಿಗಳು ಬಂದರು. ಗೇಟಿಗೆ ಬಾಳೆಕಂಬ. ಗೋಡೆಗೆ ಹೊಸ ಫಲಕ: ನಮ್ಮ ಕೆಲಸಗಾರರ ತೃಪ್ತಿ, ಐದಕ್ಕೆ ನಾಲ್ಕು ಪಾಯಿಂಟ್ ಎಂಟು. ಕೆಲವರು ಅಲ್ಲಲ್ಲಿ ಬಾಯಿ ತಪ್ಪಿ ನಾಲ್ಕು ಅಂದಿದ್ದರಂತೆ. ನಮಗೆಲ್ಲ ನೀಲಿ ಅಂಗಿ ಕೊಟ್ಟಿದ್ದರು, ಸಂಜೆ ವಾಪಸು ಕೊಡಬೇಕಿತ್ತು. ಪ್ರಭುಲಿಂಗ ಹಾರ ಹಿಡಿದು ಗೇಟಿನಲ್ಲಿದ್ದ. ಸಾಲಿನ ಕಡೆ ಅವನ ಕಣ್ಣಿರಲಿಲ್ಲ. ಮಾವನ ಜಾಗದಲ್ಲಿ ಯಾರೋ ಹೊಸಬ ಹಗ್ಗ ಹಿಡಿದಿದ್ದ.

ಮೊದಲ ಕುರಿ ಬಂತು. ನಮ್ಮದೇ ಹಳೆಯ ಹಿಂಡಿನ ಕುರಿ, ಮುಖದ ಮೇಲೆ ಬಿಳಿ ಮಚ್ಚೆ. ಕಾಲು ಕಟ್ಟಿ ಮಲಗಿಸಿದ್ದರು. ಹೊಟ್ಟೆಯ ಕಡೆಯಿಂದ ಕತ್ತರಿ ಹಾಕಿ ಮೇಲಕ್ಕೆ ಬಂದೆ. ಪಕ್ಕೆ ಮುಗಿಯಿತು. ಹೆಗಲಿಗೆ ಬಂದೆ.

ಎಡ ಹೆಗಲು.

ಇಷ್ಟು ದಿನ ಇದು ನನಗೆ ಹೊಳೆದಿರಲಿಲ್ಲ ನೋಡಿ. ಏಷ್ಯಾ ಖಂಡದ ಪಂಡಿತ ನಾನು! ಎಡ ಮಗ್ಗುಲು ನನ್ನ ಪಾಲಿಗೆ ಬಂದಾಗ ಪಾಲಣ್ಣ ಮಾವನ ಜುಟ್ಟಿನ ಜಾಗವೂ ನನ್ನ ಪಾಲಿಗೇ ಬಂದಿತ್ತು. ಹನ್ನೊಂದು ತಿಂಗಳು ನಾನೇ ಅದನ್ನು ಬೋಳಿಸುತ್ತ ಬಂದಿದ್ದೆ.

ಕತ್ತರಿಯನ್ನು ಸುತ್ತು ಹಾಕಿ ತಂದೆ. ಹೆಬ್ಬೆರಳಿನಷ್ಟು ಬಿಟ್ಟೆ. ತಳ್ಳಿದೆ.

ಓಬಳೇಶ ಬಲ ಮಗ್ಗುಲು ಮಾಡಿದ, ಜುಟ್ಟು ನೋಡಿದ, ನನ್ನ ಮುಖ ನೋಡಿದ. ತಳ್ಳಿದ. ಕುತ್ತಿಗೆ ಮಾಡುವ ಮಂಜಣ್ಣನ ಮುಂದೆ ಕುರಿ ನಿಂತಿತು. ಅವನ ಕತ್ತರಿ ಜುಟ್ಟಿನವರೆಗೆ ಹೋಯಿತು. ನಿಂತಿತು. ಅವನ ತಲೆಯ ಮೇಲೆ ದೀಪ ಹತ್ತಿತು. ಮಂಜಣ್ಣ ಜುಟ್ಟನ್ನು ಬಳಸಿಕೊಂಡು ಕುತ್ತಿಗೆಗೆ ಹೋದ.

"ಪಾಲಣ್ಣಂದು ಅಲ್ವೇನ್ಲಾ?" ಎಂದ, ತಲೆ ಎತ್ತದೆ.

"ಹೂಂ."

"ಮುದುಕ ಇನ್ನೂ ಅದೇ ಜಾಗದಾಗೆ ಬಿಡ್ತಾನಾ?"

"ಇವತ್ತು ಬಿಟ್ಟವ್ನೆ."

ಎರಡನೆಯ ಕುರಿ. ಮೂರನೆಯದು. ಕುರಿಗಳು ಎಡ ಹೆಗಲ ಮೇಲೆ ಜುಟ್ಟು ಹೊತ್ತು ಒಂದೊಂದಾಗಿ ಅಂಗಳಕ್ಕೆ ಹೋಗಿ ನಿಂತವು. ವ್ಯಾಪಾರಿಗಳು ಹಾರ ಹಾಕಿಸಿಕೊಂಡು ಮೊದಲು ಅಂಗಳಕ್ಕೇ ಬಂದರು. ಜೊತೆಗೆ ಕೀರ್ತನಾ ಮೇಡಂ ಫೈಲು ಹಿಡಿದು ಬಂದರು. ಒಬ್ಬ ವ್ಯಾಪಾರಿ ಬೆರಳು ತೋರಿಸಿ ಏನೋ ಕೇಳಿದ. ಪ್ರಭುಲಿಂಗನ ಮುಖ ಸುಟ್ಟ ಬದನೆಕಾಯಿಯಂತಾಯಿತು. ಒಳಗೆ ಓಡಿ ಬಂದ. ಸಾಲು ನಿಲ್ಲಿಸಿದ.

"ಯಾವನ್ಲೇ ಇದು? ತೆಗೀರಿ ಅದನ್ನ. ಈಗ್ಲೇ."

ನಾನು ಕತ್ತರಿ ಕೆಳಗಿಟ್ಟೆ.

"ತೆಗಿಯಕಾಗಲ್ಲ ಸಾರ್. ಅದು ನಂದಲ್ಲ."

"ನಿಂದಲ್ದೆ ಯಾರ್ದು?"

"ಪಾಲಣ್ಣಂದು. ಬಿಟ್ಟೋನೇ ತೆಗೀಬೇಕು. ಕರೆಸ್ರಿ ಅವನ್ನ."

"ಅವ್ನು ಕೆಲಸದಾಗೇ ಇಲ್ಲ!"

"ಅದಕ್ಕೇ ತೆಗಿಯೋರಿಲ್ಲ."

"ಮಂಜಣ್ಣ, ನೀನು ತೆಗಿ." ಮಂಜಣ್ಣ ಕತ್ತರಿ ಕೆಳಗಿಟ್ಟ. "ಓಬಳೇಶ!" ಓಬಳೇಶ ಗೇಟಿನ ಕಡೆ ನೋಡಿದ. ಅವನೂ ಇಟ್ಟ. ನಾಲ್ಕು ದೀಪ, ಐದು ದೀಪ, ಎಲ್ಲ ದೀಪಗಳೂ ಕೆಂಪಗೆ ಹತ್ತಿಕೊಂಡು ಉರಿದವು. ಉಣ್ಣೆ ಆರಿಸುವ ಕಡೆಯಿಂದ ಈರಕ್ಕ ಎದ್ದು ನಿಂತಳು. "ಯಾಕ್ರಿ ಸಾಮಿ, ಐದಕ್ಕೆ ಐದು ತೃಪ್ತಿ ಇರೋ ಜನ ಯಾಕಿಂಗೆ ನಿಂತ್ರು?" ಎಂದಳು. ಅವಳ ದನಿ ಅಂಗಳಕ್ಕೂ ಕೇಳಿತು.

ಪ್ರಭುಲಿಂಗ ನನ್ನ ಕತ್ತರಿ ಕಿತ್ತುಕೊಂಡು ಅಂಗಳಕ್ಕೆ ನುಗ್ಗಿದ. ಬಿಳಿ ಮಚ್ಚೆಯ ಕುರಿಯನ್ನೇ ಹಿಡಿದ. ಅವನು ಕುರಿಯನ್ನು ಮೊಣಕಾಲಲ್ಲಿ ಹಿಡಿದವನಲ್ಲ, ಕೊರಳು ಹಿಡಿದ. ಅದು ಒದ್ದಾಡಿತು. ಕತ್ತರಿ ಜುಟ್ಟಿಗೆ ತಾಗಲಿಲ್ಲ, ಹೆಗಲ ಚರ್ಮಕ್ಕೆ ತಾಗಿತು. ನುಣ್ಣನೆ ಮೈಮೇಲೆ ರಕ್ತ ಇಳಿಯಿತು. ವ್ಯಾಪಾರಿ ಹೆಂಗಸೊಬ್ಬಳು ಕಿರುಚಿ ಫೋನು ತೆಗೆದು ಫೋಟೋ ಹೊಡೆದುಕೊಂಡಳು. ಕುರಿಯ ರಕ್ತಕ್ಕೆ ಫೋಟೋ ಇದೆ. ಮಾವನ ಅಂಗೈಗೆ ಇಲ್ಲ.

ಆ ಸಂಜೆ ನನ್ನನ್ನು, ಮಂಜಣ್ಣನನ್ನು, ಈರಕ್ಕನನ್ನು ಗೇಟಿನ ಹೊರಗೆ ಹಾಕಿದರು. ಓಬಳೇಶ ಮರುದಿನ ಕೈಮುಗಿದು ಒಳಗೆ ಹೋದ. ಅವನನ್ನು ನಾನು ಬೈಯುವುದಿಲ್ಲ. ನಲವತ್ತೆರಡು ಐದು ಹೇಳಿದವನಿಗೆ ಬೈಯುವ ಬಾಯಿ ಎಲ್ಲಿಂದ ಬರಬೇಕು?

ಕೀರ್ತನಾ ಮೇಡಂ ಶ್ರೀರಾಂಪುರದ ಬಸ್ ನಿಲ್ದಾಣದಲ್ಲಿ ಸಿಕ್ಕರು.

"ಮೇಡಂ, ನನ್ನ ಕಾಗದ ಕೊಡ್ರಿ. ಇನ್ನೊಂದ್ಸಲ ಹೇಳ್ತೀನಿ."

"ಆಗಲ್ಲ ಅಣ್ಣಾ. ಎಲ್ಲರದೂ ಸೇರಿಸಿ ಸರಾಸರಿ ಕಳಿಸಿಯಾಯ್ತು."

"ಆ ಐದೆಲ್ಲ ಸುಳ್ಳು."

"ಗೊತ್ತಣ್ಣ."

"ಗೊತ್ತಿದ್ದೂ ಬರ್ದ್ರಾ?"

"ನೀವು ಹೇಳಿದ್ದನ್ನೇ ಬರೆದೆ" ಎಂದರು. ಬಸ್ಸು ಬಂತು. ಹತ್ತಿದರು. ಸೀಟಿಗೆ ಕೂತ ಮೇಲೂ ಅವರು ನನ್ನ ಕಡೆ ತಿರುಗಲಿಲ್ಲ.

ಫಲಕ ಈಗಲೂ ಗೋಡೆಯ ಮೇಲಿದೆ. ನಾಲ್ಕು ಪಾಯಿಂಟ್ ಎಂಟು. ಅದರೊಳಗೆ ನನ್ನ ನಲವತ್ತೆರಡು ಐದುಗಳೂ ಇವೆ. ಮಾವ ಹೇಳಿದ ಒಂದುಗಳಲ್ಲಿ ಒಂದೂ ಇಲ್ಲ. ಅವನು ನನಗಾಗಿ ಹೇಳಿದ ಐದೂ ಇಲ್ಲ.

ಮೊನ್ನೆ ಕಂಪನಿಯ ಕುರಿಗಳನ್ನು ಹಾಲುರಾಮೇಶ್ವರದ ದಾರಿಯಲ್ಲಿ ಮೇಯಲು ಬಿಟ್ಟಿದ್ದರು. ಮಾವ, ನಾನು, ಈರಕ್ಕ ಕೂಲಿ ಕೇಳಿಕೊಂಡು ಬರುತ್ತಿದ್ದೆವು. ಕೆಲಸ ಸಿಕ್ಕಿರಲಿಲ್ಲ. ಮಾವ ಹಿಂಡಿನೊಳಗೆ ಹೋದ. ಹಗ್ಗವಿಲ್ಲ, ಕೂಗಿಲ್ಲ. ಬಿಳಿ ಮಚ್ಚೆಯದು ತಾನೇ ಬಂದು ಅವನ ಮೊಣಕಾಲ ನಡುವೆ ನಿಂತಿತು. ಗಾಯ ಒಣಗಿ ಕಪ್ಪಾಗಿತ್ತು. ಜುಟ್ಟು ಇನ್ನೂ ಇತ್ತು. ಒಳಗೆ ಉಳಿದವರಲ್ಲಿ ಯಾರೂ ಮುಟ್ಟಿರಲಿಲ್ಲ. ಮಾವ ಸೀಳಿದ ಬೆರಳಿನಿಂದ ಅದನ್ನು ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದ.

"ನನ್ನ ಜುಟ್ಟು ಇಷ್ಟು ಸೊಟ್ಟ ಇರ್ತದೇನ್ಲೇ? ನನ್ನ ಹೆಸರು ಕೆಡಿಸ್ಬಿಟ್ಟೆ" ಎಂದ. ಕುರಿಯ ಕಿವಿಯ ಬುಡ ಕೆರೆದ. ಆಮೇಲೆ ಕೇಳಿದ, "ಎಷ್ಟು ಕುರಿಗೆ ಬಿಟ್ಟೆ?"

ಮುನ್ನೂರು ಎನ್ನಬಹುದಿತ್ತು. ಊರಿನಲ್ಲಿ ಹಾಗೇ ಹೇಳಿದ್ದೆ.

"ಹದಿನೇಳು ಮಾವ" ಎಂದೆ. "ಅಷ್ಟರಾಗೆ ಸಾಲು ನಿಲ್ಲಿಸಿಬಿಟ್ರು."

ಈರಕ್ಕ ನನ್ನ ಪಕ್ಕದಲ್ಲೇ ನಿಂತಿದ್ದಳು. ನನ್ನ ಲೆಕ್ಕದಿಂದ ಏನೂ ಕಳೆಯಲಿಲ್ಲ.